ಓದು ಹತ್ತದ ಮಕ್ಕಳು ಮತ್ತು ನಮ್ಮ ನ್ಯಾಯ

ನಮ್ಮ ಕಡೆ, ಮಗ ಶಾಲೆ ಬಿಟ್ಟದ್ದು ಯಾಕೆ ಎಂದು ಕೇಳಿದರೆ ತಾಯಿ ಹೇಳುವುದು ಸಾಮಾನ್ಯವಾಗಿ ಒಂದೇ ಮಾತು: ‘ಅವಗ ಓದು ಹತ್ಲಿಲ್ರೀ.’ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಎಲ್ಲಿ ಹೋದರೂ ಈ ಮಾತು ಕೇಳುತ್ತದೆ. ಇದರ ವ್ಯಾಕರಣವನ್ನು ಸ್ವಲ್ಪ ಗಮನಿಸಬೇಕು. ಈ ವಾಕ್ಯದ ಕರ್ತೃ ಹುಡುಗನಲ್ಲ, ಓದು. ಹಸಿ ಕಟ್ಟಿಗೆಗೆ ಬೆಂಕಿ ಹತ್ತಲಿಲ್ಲ, ಕಣ್ಣಿಗೆ ನಿದ್ದೆ ಹತ್ತಲಿಲ್ಲ ಎನ್ನುವ ಹಾಗೆಯೇ ಇದು. ನಿದ್ದೆ ಹತ್ತದವನನ್ನು ಯಾರೂ ಬೈಯುವುದಿಲ್ಲ. ಏನೋ ಬರಬೇಕಾಗಿತ್ತು, ಬರಲಿಲ್ಲ ಎಂದಷ್ಟೇ ಆ ಮಾತಿನ ಅರ್ಥ.

ಶಾಲೆಯ ವಾಕ್ಯ ಬೇರೆ. ಅದು ‘ಇವನು ದಡ್ಡ’ ಎನ್ನುತ್ತದೆ. ಇಲ್ಲಿ ಕರ್ತೃ ಹುಡುಗ, ತೀರ್ಪೂ ಅವನ ಮೇಲೆಯೇ. ಮೊದಲನೆಯದರಲ್ಲಿ ಓದಿಗೂ ಮಗುವಿಗೂ ನಡುವೆ ಏನೋ ಅಡ್ಡ ಬಂದಿದೆ, ಅದನ್ನು ಹುಡುಕಬಹುದು. ಎರಡನೆಯದರಲ್ಲಿ ಹುಡುಕುವುದಕ್ಕೆ ಏನೂ ಉಳಿದಿಲ್ಲ. ಅಕ್ಷರ ಬಾರದ ಎಷ್ಟೋ ತಾಯಂದಿರ ಮಾತು ಅಕ್ಷರ ಬಲ್ಲ ನಮ್ಮ ಮಾತಿಗಿಂತ ನಿಖರವಾಗಿದೆ ಎಂದು ನನಗೆ ಅನೇಕ ಸಲ ಅನ್ನಿಸಿದೆ.

ನಾನು ಈ ಭಾಗದ ಶಾಲೆಗಳಲ್ಲಿ ಕನ್ನಡ ಪಾಠ ಮಾಡುತ್ತಾ ಬಂದಿದ್ದೇನೆ. ಪ್ರತಿ ವರ್ಷ, ಪ್ರತಿ ತರಗತಿಯಲ್ಲೂ, ಓದು ಹತ್ತದ ಕೆಲವು ಮಕ್ಕಳು ಇದ್ದೇ ಇರುತ್ತಾರೆ. ಅವರನ್ನು ನೋಡುತ್ತಾ ನನ್ನಲ್ಲಿ ಉಳಿದ ಪ್ರಶ್ನೆ ಬೋಧನಾ ವಿಧಾನದ್ದಷ್ಟೇ ಅಲ್ಲ, ನ್ಯಾಯದ್ದು ಕೂಡ. ಅಂಥ ಮಗುವಿಗೆ ನಾವು ಕೊಡಬೇಕಾದದ್ದು ಏನು? ಓದು ಯಾಕೆ ಹತ್ತಲಿಲ್ಲ ಎಂಬ ಕಾರಣದ ಮೇಲೆ ನಮ್ಮ ಸಾಲ ಹೆಚ್ಚುಕಡಿಮೆ ಆಗುತ್ತದೆಯೇ?

ಕಾರಣಗಳಲ್ಲಿ ಒಂದಕ್ಕೆ ಈಗ ಹೆಸರಿದೆ. 1896ರಲ್ಲಿ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಹದಿನಾಲ್ಕು ವರ್ಷದ ಒಬ್ಬ ಹುಡುಗನ ಬಗ್ಗೆ ಬರೆದ. ಹೆಸರು ಪರ್ಸಿ. ಚುರುಕಾದ ಹುಡುಗ, ಆಟದಲ್ಲಿ ಹಿಂದೆ ಬಿದ್ದವನಲ್ಲ, ಕಣ್ಣಿನ ದೋಷವಿಲ್ಲ, ಏಳು ವರ್ಷದಿಂದ ಪಾಠ ಹೇಳಿಸಿಕೊಳ್ಳುತ್ತಿದ್ದಾನೆ. ಆದರೂ ಚಿಕ್ಕ ಪದಗಳನ್ನು ಓದಲಾರ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆಯುವುದಾದರೆ ಇಡೀ ಶಾಲೆಯಲ್ಲಿ ಇವನೇ ಎಲ್ಲರಿಗಿಂತ ಜಾಣ ಎಂದು ಅವನ ಮೇಷ್ಟ್ರು ಹೇಳಿದ್ದರಂತೆ. ಡಿಸ್ಲೆಕ್ಸಿಯಾ ಎಂಬ ಪದ ಆ ಹೊತ್ತಿಗಾಗಲೇ ಜರ್ಮನಿಯಲ್ಲಿ ಹುಟ್ಟಿತ್ತು. ನಮ್ಮಲ್ಲಿ ಬಹಳ ಜನ ಆ ಪದವನ್ನು ಮೊದಲು ಕೇಳಿದ್ದು 2007ರ ‘ತಾರೇ ಜಮೀನ್ ಪರ್’ ಸಿನಿಮಾದಿಂದ.

ಆ ಸಿನಿಮಾ ದೊಡ್ಡ ಉಪಕಾರ ಮಾಡಿತು, ಜೊತೆಗೆ ಒಂದು ತಪ್ಪು ತಿಳಿವಳಿಕೆಯನ್ನೂ ಬಿಟ್ಟುಹೋಯಿತು. ಅಕ್ಷರಗಳು ಕಣ್ಣ ಮುಂದೆ ಕುಣಿಯುತ್ತವೆ, ತಿರುಗುಮುರುಗಾಗಿ ಕಾಣುತ್ತವೆ, ಅದೇ ಡಿಸ್ಲೆಕ್ಸಿಯಾ ಎಂದು ಎಷ್ಟೋ ಜನ ನಂಬಿದ್ದಾರೆ. ತೊಂದರೆಯ ಬೇರು ಹೆಚ್ಚಿನ ಮಕ್ಕಳಲ್ಲಿ ಕಣ್ಣಿನಲ್ಲಿಲ್ಲ. ಮಾತನ್ನು ಬಿಡಿಬಿಡಿ ಸದ್ದುಗಳಾಗಿ ಒಡೆದು, ಆ ಸದ್ದಿಗೆ ಈ ಗುರುತು ಎಂದು ಗಂಟು ಹಾಕಿ, ಆ ಗಂಟನ್ನು ಕ್ಷಣದಲ್ಲಿ ನೆನಪಿಗೆ ತಂದುಕೊಳ್ಳುವ ಕೆಲಸವೇ ಅವರಿಗೆ ಭಾರ. ‘ಕಮಲ’ದಿಂದ ‘ಕ’ ತೆಗೆದರೆ ಏನು ಉಳಿಯುತ್ತದೆ ಎಂದು ಬಾಯಲ್ಲಿ ಕೇಳಿ ನೋಡಿ. ಕೆಲವು ಮಕ್ಕಳು ತಟ್ಟನೆ ‘ಮಲ’ ಎಂದು ನಗುತ್ತಾರೆ. ಕೆಲವರು, ಬೇರೆಲ್ಲದರಲ್ಲೂ ಚುರುಕಾದವರು, ಬಹಳ ಹೊತ್ತು ತಡವರಿಸುತ್ತಾರೆ. ಇಂಥವರ ಸಂಖ್ಯೆಯ ಬಗ್ಗೆ ಅಂದಾಜುಗಳು ಬೇರೆಬೇರೆ. ನೂರಕ್ಕೆ ಐದರಿಂದ ಹತ್ತು ಎಂಬುದು ಹೆಚ್ಚಾಗಿ ಕೇಳಿಬರುವ ಲೆಕ್ಕ. ಅಂದರೆ ನಲವತ್ತು ಮಕ್ಕಳ ಒಂದು ತರಗತಿಯಲ್ಲಿ ಇಬ್ಬರಿಂದ ನಾಲ್ವರು.

ಕನ್ನಡದಲ್ಲಿ ಬರೆದಂತೆ ಓದುತ್ತೇವೆ, ಹಾಗಾಗಿ ಈ ತೊಂದರೆ ಇಂಗ್ಲಿಷಿನವರದ್ದು ಎನ್ನುವವರಿದ್ದಾರೆ. ಇದು ಅರ್ಧ ನಿಜ. ಕನ್ನಡದಲ್ಲಿ ಸದ್ದಿಗೂ ಗುರುತಿಗೂ ಇರುವ ನಂಟು ನೇರವಾದದ್ದು. ಆದರೆ ಗುರುತುಗಳ ಸಂಖ್ಯೆ ದೊಡ್ಡದು. ಮೂವತ್ನಾಲ್ಕು ವ್ಯಂಜನಗಳು ಕಾಗುಣಿತದಲ್ಲಿ ಸುಮಾರು ಐನೂರು ರೂಪ ತಾಳುತ್ತವೆ, ಒತ್ತಕ್ಷರ ಸೇರಿದರೆ ಇನ್ನೂ ಹೆಚ್ಚು. ‘ಸ್ತ್ರೀ’ ಎಂಬ ಒಂದೇ ಅಕ್ಷರವನ್ನು ನೋಡಿ. ಬಾಯಲ್ಲಿ ಕೊನೆಗೆ ಬರುವ ಈಕಾರ ಬರವಣಿಗೆಯಲ್ಲಿ ಮೊದಲ ಸಕಾರದ ತಲೆಯ ಮೇಲೆ ಕೂತಿದೆ, ನಡುವೆ ಬರುವ ತಕಾರ, ರಕಾರಗಳು ಕೆಳಗೆ ಇಳಿದಿವೆ. ‘ಕ್ರಮ’ ಮತ್ತು ‘ಕರ್ಮ’ ಎಂಬ ಎರಡು ಪದಗಳಲ್ಲಿ ಸದ್ದುಗಳು ಅವೇ. ಆದರೆ ‘ಕರ್ಮ’ದಲ್ಲಿ ಮಕಾರಕ್ಕಿಂತ ಮೊದಲು ಕೇಳಿಸುವ ರಕಾರವನ್ನು ಅರ್ಕಾವತ್ತಾಗಿ ಮಕಾರದ ನಂತರ ಬರೆಯುತ್ತೇವೆ. ನಮಗೆ ರೂಢಿಯಾಗಿ ಇದು ಕಾಣುವುದಿಲ್ಲ. ಎಡದಿಂದ ಬಲಕ್ಕೆ ಸದ್ದುಗಳನ್ನು ಪೋಣಿಸಲು ಹೆಣಗುವ ಮಗುವಿಗೆ ಪ್ರತಿ ಸಾಲಿನಲ್ಲೂ ಇಂಥ ಹಳ್ಳತಿಟ್ಟುಗಳಿವೆ. ಮಕ್ಕಳು ಕನ್ನಡದ ಅಕ್ಷರಗಳನ್ನು ಪೂರ್ತಿ ಕೈವಶ ಮಾಡಿಕೊಳ್ಳಲು ನಾಲ್ಕನೆಯ ತರಗತಿಯವರೆಗೆ, ಕೆಲವೊಮ್ಮೆ ಅದರಾಚೆಗೂ, ಸಮಯ ಹಿಡಿಯುತ್ತದೆ ಎಂದು ಸೊನಾಲಿ ನಾಗ್ ಅವರ 2007ರ ಅಧ್ಯಯನ ತೋರಿಸಿತು. ಎಲ್ಲ ಮಕ್ಕಳಿಗೂ ನಾಲ್ಕು ವರ್ಷದ ಹಾದಿಯಾದದ್ದು ಓದು ಹತ್ತದ ಮಗುವಿಗೆ ಎಷ್ಟು ದೂರವಾದೀತು ಎಂದು ಊಹಿಸಬಹುದು.

ಇಷ್ಟಾದರೂ ಓದದ ಮಗುವಿಗೆಲ್ಲ ಡಿಸ್ಲೆಕ್ಸಿಯಾ ಇದೆ ಎನ್ನುವ ಹಾಗಿಲ್ಲ. ನಮ್ಮ ತಾಲೂಕುಗಳಲ್ಲಿ ಕಾರಣಗಳು ಒಂದರೊಳಗೊಂದು ಸಿಕ್ಕಿಕೊಂಡಿವೆ. ತಾಂಡಾದ ಮಗು ಮನೆಯಲ್ಲಿ ಲಂಬಾಣಿ ಮಾತಾಡಿ ಶಾಲೆಯಲ್ಲಿ ಪುಸ್ತಕದ ಕನ್ನಡವನ್ನು ಎದುರಿಸುತ್ತದೆ. ಕೂಡ್ಲಿಗಿಯ ಕಡೆ ಮನೆಮಾತು ತೆಲುಗು ಇರಬಹುದು, ಪೇಟೆಯ ಓಣಿಗಳಲ್ಲಿ ಉರ್ದು. ಮಳೆ ಕೈಕೊಟ್ಟ ವರ್ಷ ಕಬ್ಬು ಕಡಿಯಲು ಮಂಡ್ಯದ ಕಡೆಗೋ, ಕಾಫಿ ತೋಟಕ್ಕೆ ಚಿಕ್ಕಮಗಳೂರಿನ ಕಡೆಗೋ ಗುಳೆ ಹೋಗುವ ಕುಟುಂಬದ ಜೊತೆ ಮಗುವೂ ಹೋಗುತ್ತದೆ. ಅದು ಹಿಂತಿರುಗುವ ಹೊತ್ತಿಗೆ ತರಗತಿ ಒತ್ತಕ್ಷರ ಮುಗಿಸಿ ಮುಂದೆ ಹೋಗಿರುತ್ತದೆ. ಇನ್ನು ‘ಭ’ ಬದಲು ‘ಬ’ ಬರೆದದ್ದನ್ನು ನ್ಯೂನತೆ ಎನ್ನುವುದಾದರೆ ಇಡೀ ಊರನ್ನೇ ಪರೀಕ್ಷೆಗೆ ಕೂರಿಸಬೇಕಾಗುತ್ತದೆ. ಮಹಾಪ್ರಾಣ ನಮ್ಮ ಆಡುಮಾತಿನಲ್ಲೇ ಅಪರೂಪ. ಇವೆಲ್ಲದರ ನಡುವೆ, ಬೇರೆ ಎಲ್ಲ ಅನುಕೂಲ ಇದ್ದರೂ ಓದು ಹತ್ತುತ್ತಿರಲಿಲ್ಲ ಎನ್ನಬಹುದಾದ ಮಗುವೂ ಕೂತಿದೆ. ಹೊರಗಿನಿಂದ ನೋಡಿದರೆ ಇವರೆಲ್ಲ ಒಂದೇ. ಎಲ್ಲರೂ ಪುಸ್ತಕ ತೆರೆದು ಸುಮ್ಮನೆ ಕೂತವರು.

ಕಾನೂನು ಈ ಮಕ್ಕಳ ಪರವಾಗಿಯೇ ಇದೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಒಟ್ಟು 21 ಬಗೆಯ ವೈಕಲ್ಯಗಳನ್ನು ಗುರುತಿಸಿತು, ನಿರ್ದಿಷ್ಟ ಕಲಿಕಾ ನ್ಯೂನತೆ ಎಂಬ ಹೆಸರಿನಲ್ಲಿ ಡಿಸ್ಲೆಕ್ಸಿಯಾವನ್ನೂ ಅದರಲ್ಲಿ ಸೇರಿಸಿತು. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಉತ್ತರ ಬರೆದುಕೊಡುವ ಲಿಪಿಕಾರರ ನೆರವು, ಎರಡನೆಯ ಮೂರನೆಯ ಭಾಷೆಗಳಿಂದ ವಿನಾಯಿತಿ, ಇವೆಲ್ಲ ಅದರಲ್ಲಿವೆ. ಆದರೆ ಪರೀಕ್ಷೆಯ ಸೌಲಭ್ಯಕ್ಕೆ ಪ್ರಮಾಣಪತ್ರ ಬೇಕು. 2018ರ ಮಾರ್ಗಸೂಚಿಯ ಪ್ರಕಾರ ಎಂಟು ವರ್ಷ ತುಂಬುವ ಮೊದಲು ಅದನ್ನು ಕೊಡುವ ಹಾಗಿರಲಿಲ್ಲ. ತಪಾಸಣೆಗೆ ನಿಮ್ಹಾನ್ಸ್ ರೂಪಿಸಿದ ಪರೀಕ್ಷಾ ಸರಣಿ ಇದೆ, ಅದನ್ನು ನಡೆಸಬಲ್ಲ ಮನಶ್ಶಾಸ್ತ್ರಜ್ಞರು ದೊಡ್ಡ ಊರುಗಳಲ್ಲಿದ್ದಾರೆ. ಹಡಗಲಿಯ ಒಂದು ತಾಂಡಾದಿಂದ ಅಲ್ಲಿಗೆ ಹೋಗಿಬರುವುದೆಂದರೆ ಇಬ್ಬರ ಬಸ್ ಚಾರ್ಜು ಮತ್ತು ಒಂದೆರಡು ದಿನದ ಕೂಲಿ. ಒಂದೇ ಸಲಕ್ಕೆ ಮುಗಿಯುತ್ತದೆ ಎಂಬ ಭರವಸೆಯೂ ಇಲ್ಲ.

ಇದಕ್ಕಿಂತ ಆಳವಾದ ತೊಡಕು ಇನ್ನೊಂದಿದೆ. ಸರಿಯಾದ ಬೋಧನೆ ಸಿಗದೆ ಹಿಂದೆ ಬಿದ್ದಿದ್ದರೆ, ಕಲಿಸುವ ಭಾಷೆಯೇ ಮಗುವಿಗೆ ಬಾರದಿದ್ದರೆ, ಅದನ್ನು ಡಿಸ್ಲೆಕ್ಸಿಯಾ ಎಂದು ಕರೆಯಬಾರದು ಎನ್ನುತ್ತದೆ ವೈದ್ಯಶಾಸ್ತ್ರ. ಶಾಸ್ತ್ರದ ದೃಷ್ಟಿಯಿಂದ ಇದು ಸರಿಯಾದ ಎಚ್ಚರಿಕೆ. ನಮ್ಮ ಕಡೆ ಅದರ ಪರಿಣಾಮ ಮಾತ್ರ ವಿಚಿತ್ರ. ಒಳ್ಳೆಯ ಶಾಲೆ, ಮನೆಮಾತಿನಲ್ಲೇ ಪಾಠ, ಪುಸ್ತಕ ಓದಿ ಹೇಳುವ ತಂದೆತಾಯಿ ಇದ್ದೂ ಓದಲಾಗದ ಮಗುವಿಗೆ ಹೆಸರು ಸುಲಭವಾಗಿ ಸಿಗುತ್ತದೆ. ಇವು ಯಾವುವೂ ಇಲ್ಲದ ಮಗುವಿಗೆ, ಅದರ ಮಿದುಳಿನಲ್ಲೂ ಅದೇ ತೊಡಕು ಇದ್ದರೂ, ಹೆಸರು ಸಿಗುವುದು ಕಷ್ಟ. ಎರಡು ಭಾರ ಹೊತ್ತವನಿಗೆ ಒಂದು ಭಾರ ಹೊತ್ತವನಿಗಿಂತ ಕಡಿಮೆ ನೆರವು.

ಇಲ್ಲಿ ನನಗೆ ಹರಪನಹಳ್ಳಿಯ ಕತೆ ನೆನಪಾಗುತ್ತದೆ. 1997ರಲ್ಲಿ ದಾವಣಗೆರೆ ಹೊಸ ಜಿಲ್ಲೆಯಾದಾಗ ಹರಪನಹಳ್ಳಿ ತಾಲೂಕು ಬಳ್ಳಾರಿಯಿಂದ ಅದಕ್ಕೆ ಸೇರಿತು. ಮುಂದೆ ಹೈದರಾಬಾದ್ ಕರ್ನಾಟಕದ ಹಿಂದುಳಿದ ಜಿಲ್ಲೆಗಳಿಗೆಂದು ಸಂವಿಧಾನದ 371(ಜೆ) ವಿಧಿ ಬಂದಾಗ ಬಳ್ಳಾರಿ ಜಿಲ್ಲೆಗೆ ಸೌಲಭ್ಯ ಸಿಕ್ಕಿತು, ಹರಪನಹಳ್ಳಿ ಹೊರಗೆ ಉಳಿಯಿತು. ಪಕ್ಕದ ಹಡಗಲಿಯದೂ ಅದೇ ಮಳೆ, ಅದೇ ನೆಲ, ಅದೇ ಗುಳೆ. ಬದಲಾಗಿದ್ದದ್ದು ಜಿಲ್ಲೆಯ ಹೆಸರು ಒಂದೇ. ಜನ ಹೋರಾಡಿದರು, ತಾಲೂಕು ಬಳ್ಳಾರಿಗೆ ಮರಳಿತು, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಯ ಭಾಗವಾಯಿತು. ನಮ್ಮ ಕಷ್ಟ ನಮ್ಮ ಮೈಮೇಲಿದೆ, ನಿಮ್ಮ ಕಾಗದದ ಗೆರೆ ಅದನ್ನು ಅಳಿಸಲಾರದು ಎಂಬುದೇ ಆ ಹೋರಾಟದ ತಿರುಳು. ಪ್ರಮಾಣಪತ್ರವಿಲ್ಲದ ಮಗುವಿನ ಪರವಾಗಿ ಹೇಳಬೇಕಾದದ್ದೂ ಇದೇ. ಒಂದು ತಾಲೂಕಿಗೆ ಈ ವಾದ ನ್ಯಾಯವಾಗಿ ಕಂಡರೆ ಮೂರನೆಯ ಸಾಲಿನಲ್ಲಿ ಕೂತ ಮಗುವಿಗೆ ಯಾಕೆ ಕಾಣಬಾರದು?

ಆದ್ದರಿಂದ ಎರಡು ಬಗೆಯ ನೆರವನ್ನು ಬೇರ್ಪಡಿಸಿ ನೋಡಬೇಕು ಎಂದು ನನ್ನ ವಾದ. ಪರೀಕ್ಷೆಯ ನಿಯಮ ಬದಲಿಸುವ ನೆರವು ಒಂದು, ಅದಕ್ಕೆ ಯಾವುದೋ ಬಗೆಯ ಸಾಕ್ಷ್ಯ ಬೇಕು ಎಂಬುದನ್ನು ಒಪ್ಪಬಹುದು. ಪಾಠದ ರೀತಿ ಬದಲಿಸುವ ನೆರವು ಇನ್ನೊಂದು. ಇದಕ್ಕೆ ಯಾರ ಸಹಿಯೂ ಬೇಡ. ಅದೇ 2016ರ ಕಾಯ್ದೆಯ 16ನೆಯ ಸೆಕ್ಷನ್, ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸಿ ತಕ್ಕ ಬೋಧನಾ ಕ್ರಮ ಕೈಗೊಳ್ಳಿ ಎಂದು ಶಿಕ್ಷಣ ಸಂಸ್ಥೆಗಳಿಗೆ ಹೇಳುತ್ತದೆ. ಅಲ್ಲಿ ಪ್ರಮಾಣಪತ್ರದ ಮಾತಿಲ್ಲ. ಜ್ವರದ ಕಾರಣ ತಿಳಿಯುವ ಮೊದಲೇ ಹಣೆಯ ಮೇಲೆ ಒದ್ದೆ ಬಟ್ಟೆ ಹಾಕುತ್ತೇವೆ. ಕಾರಣ ತಿಳಿಯುವುದು ಮುಂದಿನ ಚಿಕಿತ್ಸೆಗೆ ಬೇಕು, ಆರೈಕೆ ಶುರುವಾಗಲು ಅದು ಷರತ್ತಲ್ಲ.

ಇದಕ್ಕೆ ಎದುರಾಗಿ ಕೇಳಿಬರುವ ಮಾತುಗಳಲ್ಲಿ ಮೊದಲನೆಯದು, ಇದು ಉಳಿದ ಮಕ್ಕಳಿಗೆ ಅನ್ಯಾಯವಲ್ಲವೇ ಎಂಬುದು. ರಾತ್ರಿ ಎದ್ದು ಓದಿದವನಿಗೆ ಮೂರು ಗಂಟೆ, ಓದದವನಿಗೆ ಹೆಚ್ಚು ಹೊತ್ತು ಎಂದರೆ? ಕೊಟ್ಟೂರಿನ ಸಂತೆಯಲ್ಲೋ ಬೊಮ್ಮನಹಳ್ಳಿಯ ಸಂತೆಯಲ್ಲೋ ತಕ್ಕಡಿ ಹಿಡಿದವರನ್ನು ನೋಡಿ. ಒಂದು ತಟ್ಟೆ ವಾಲಿದ್ದರೆ ತೂಗುವ ಮೊದಲು ಇನ್ನೊಂದಕ್ಕೆ ಚಿಕ್ಕ ಕಲ್ಲು ಇಡುತ್ತಾರೆ. ಅದು ಗಿರಾಕಿಗೆ ಕೊಟ್ಟ ರಿಯಾಯಿತಿಯಲ್ಲ, ತಕ್ಕಡಿಯನ್ನು ಸರಿಮಾಡಿದ್ದು. ವಿಜ್ಞಾನದ ಪರೀಕ್ಷೆ ತೂಗಬೇಕಾದದ್ದು ಎಲೆ ಹೇಗೆ ಆಹಾರ ತಯಾರಿಸುತ್ತದೆ ಎಂಬ ತಿಳಿವಳಿಕೆಯನ್ನು. ಪ್ರಶ್ನೆಯನ್ನು ಓದುವುದಕ್ಕೇ ಅರ್ಧ ಹೊತ್ತು ಹಿಡಿಯುವ ಮಗುವಿನ ವಿಷಯದಲ್ಲಿ ಆ ತಕ್ಕಡಿ ಓದಿನ ವೇಗವನ್ನು ತೂಗಿ, ಬಂದ ಸಂಖ್ಯೆಯನ್ನು ವಿಜ್ಞಾನದ ಅಂಕ ಎಂದು ಬರೆದುಕೊಡುತ್ತದೆ. ಸಮಯ ಹೆಚ್ಚಿಸಿದರೆ ಉತ್ತರ ತಾನಾಗಿ ಹುಟ್ಟುವುದಿಲ್ಲ. ಗೊತ್ತಿದ್ದವನಿಗೆ ಹೇಳಲು ಆಗುತ್ತದೆ, ಅಷ್ಟೇ.

ಭಾಷೆಯ ಪತ್ರಿಕೆಯಲ್ಲಿ ಮಾತ್ರ ಈ ವಾದ ಇಷ್ಟು ಸಲೀಸಲ್ಲ. ಅಲ್ಲಿ ಓದುಬರಹವೇ ತೂಗಬೇಕಾದ ವಸ್ತು. ಎಸ್ಸೆಸ್ಸೆಲ್ಸಿಯ 625 ಅಂಕಗಳಲ್ಲಿ 325 ಮೂರು ಭಾಷೆಗಳದ್ದು, ಅಂದರೆ ಅರ್ಧಕ್ಕಿಂತ ಹೆಚ್ಚು. ವಿನಾಯಿತಿ ಒಂದು ದಾರಿ, ಆದರೆ ಅದಕ್ಕೂ ಬೆಲೆ ಇದೆ. ಇಂಗ್ಲಿಷಿನಿಂದ ಬಿಡುಗಡೆ ಪಡೆದ ಹಳ್ಳಿಯ ಹುಡುಗನಿಗೆ ಮುಂದೆ ಎಷ್ಟೋ ಕೆಲಸಗಳ ಬಾಗಿಲು ಕಿರಿದಾಗುತ್ತದೆ. ವಿನಾಯಿತಿ ಕೊಟ್ಟ ಮೇಲೆ ಅವನಿಗೆ ಆ ಭಾಷೆ ಕಲಿಸುವುದನ್ನೇ ಬಿಟ್ಟರೆ ಅದು ಕೈಬಿಟ್ಟದ್ದಕ್ಕೆ ಇಟ್ಟ ಸಭ್ಯ ಹೆಸರಾಗುತ್ತದೆ. ಪರೀಕ್ಷೆಯ ಭಯ ತೆಗೆದು, ಮಾತಾಡುವ ಇಂಗ್ಲಿಷನ್ನಾದರೂ ಕಲಿಸುತ್ತಲೇ ಇರಬೇಕು.

ಎರಡನೆಯ ಆಕ್ಷೇಪ ಹೆಸರಿನ ಬಗ್ಗೆ. ಡಿಸ್ಲೆಕ್ಸಿಯಾ ಎಂಬುದು ಊರಿಗೆ ಬರುವ ಹೊತ್ತಿಗೆ ‘ತಲೆ ಸರಿಯಿಲ್ಲ’ ಎಂದಾಗುತ್ತದೆ, ಹೆಣ್ಣುಮಗುವಾದರೆ ಮದುವೆಯ ಮಾತಿನಲ್ಲಿ ಅಡ್ಡ ಬರುತ್ತದೆ ಎಂದು ತಂದೆತಾಯಿ ಹೆದರುತ್ತಾರೆ. ಈ ಹೆದರಿಕೆಯನ್ನು ಅಜ್ಞಾನ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ, ಊರು ಹೇಗೆ ಮಾತಾಡುತ್ತದೆ ಎಂದು ಅವರಿಗೆ ಗೊತ್ತು. ಆದರೆ ಒಂದು ವಿಷಯ ನೆನಪಿಡಬೇಕು. ಓದು ಹತ್ತದ ಮಗು ಹೆಸರಿಲ್ಲದೆ ಎಂದೂ ಇರುವುದಿಲ್ಲ. ದಡ್ಡ, ಮೈಗಳ್ಳ, ಕತ್ತೆ, ಯಾವುದೋ ಒಂದು ಆಗಲೇ ಅಂಟಿರುತ್ತದೆ. ಆ ಹೆಸರುಗಳನ್ನು ಮಗು ಕೊನೆಗೆ ನಂಬುತ್ತದೆ ಎಂಬುದೇ ದೊಡ್ಡ ನಷ್ಟ. ಎಂಟು ವರ್ಷದ ಮಗುವಿಗೆ ತನ್ನನ್ನು ಸಮರ್ಥಿಸಿಕೊಳ್ಳಲು ಬೇರೆ ಯಾವ ವಿವರಣೆ ಇದೆ? ‘ನಿನ್ನದು ತಪ್ಪಲ್ಲ, ಅಕ್ಷರಕ್ಕೂ ಸದ್ದಿಗೂ ಗಂಟು ಬೀಳುವುದು ನಿನಗೆ ತಡ, ಬೇರೆ ದಾರಿಯಲ್ಲಿ ಹೋಗೋಣ’ ಎಂದು ಹೇಳಲು ವೈದ್ಯರ ಪದವೇ ಬೇಕಾಗಿಲ್ಲ. ಆ ತಾಯಿಯ ‘ಹತ್ಲಿಲ್ರೀ’ ಸಾಕು, ಅದಕ್ಕೆ ‘ಇನ್ನೂ’ ಎಂಬುದೊಂದನ್ನು ಸೇರಿಸಿದರೆ.

ಬೇರೆ ದಾರಿ ಎಂದರೆ ಯಾವುದು? ಕಾರಣ ಯಾವುದಾದರೂ ನೆರವು ಕೊಡಿ ಎಂದರೆ ಅದೇ ಪಾಠವನ್ನು ಇನ್ನೂ ಹತ್ತು ಸಲ ಮಾಡಿ ಎಂದಲ್ಲ. ‘ಸ್ತ್ರೀ’ಯನ್ನು ನೂರು ಸಲ ಬರೆಸಿದರೆ ಕೈಗೆ ಅಭ್ಯಾಸವಾಗುತ್ತದೆ, ಸದ್ದಿಗೂ ಗುರುತಿಗೂ ನಂಟು ಬೆಳೆಯುವುದಿಲ್ಲ. ನಮ್ಮ ನಲಿಕಲಿಯಲ್ಲಿ ಒಂದು ಒಳ್ಳೆಯ ಬುನಾದಿ ಇದೆ. ಅದು ಅ ಆ ಇ ಈ ಎಂದು ಶುರುವಾಗದೆ ಬರೆಯಲು ಹತ್ತಿರದ ರ, ಗ, ಸ, ದ, ಅ ಎಂಬ ಗುಂಪಿನಿಂದ ಶುರುವಾಗುತ್ತದೆ. ಕಲಿಕಾ ಏಣಿಯಲ್ಲಿ ಪ್ರತಿ ಮಗು ತನ್ನ ಮೆಟ್ಟಿಲಿನಲ್ಲಿ ನಿಲ್ಲಬಹುದು. ನಾಲ್ಕನೆಯ ತರಗತಿಗೆ ಬಂದ ಕೂಡಲೇ ಏಣಿ ತೆಗೆದುಬಿಡುತ್ತೇವೆ. ಏಣಿ ಇನ್ನೂ ಬೇಕಾಗಿದ್ದವರು ಅಲ್ಲೇ ಜೋತುಬೀಳುತ್ತಾರೆ.

ಮೊದಲು ಬಾಯಿ, ಆಮೇಲೆ ಅಕ್ಷರ. ಪದ ಒಡೆಯುವ, ಸದ್ದು ಬದಲಿಸುವ, ಪ್ರಾಸ ಹುಡುಕುವ ಆಟಗಳಿಗೆ ಖರ್ಚಿಲ್ಲ. ಕರಿಹಲಗೆಯ ಮೇಲಿನದ್ದನ್ನು ಪುಟಗಟ್ಟಲೆ ನಕಲು ಮಾಡಿಸುವ ಬದಲು ಐದು ಪದ ಸಾಕು, ಆದರೆ ಆ ಐದನ್ನು ಉಚ್ಚರಿಸುತ್ತಾ ಬರೆಯಬೇಕು. ಎದ್ದು ನಿಂತು ಗಟ್ಟಿಯಾಗಿ ಓದು ಎಂದು ಏಕಾಏಕಿ ಹೇಳಬಾರದು. ನಾಳೆ ಓದಬೇಕಾದ ನಾಲ್ಕು ಸಾಲನ್ನು ಇವತ್ತೇ ಕೊಟ್ಟರೆ ಮಗು ಮನೆಯಲ್ಲಿ ಅಕ್ಕನ ಹತ್ತಿರ ಹೇಳಿಸಿಕೊಂಡು ಬರುತ್ತದೆ. ಗಣಿತದ ಹೇಳಿಕೆ ಲೆಕ್ಕವನ್ನು ಓದಿ ಹೇಳಿದರೆ ಎಷ್ಟೋ ಮಕ್ಕಳು ಬೆರಳು ಮಡಿಚಿ ಉತ್ತರ ಹೇಳುತ್ತಾರೆ. ಈ ವಾರ ದೀರ್ಘ ಕಲಿಸಿದ್ದರೆ ದೀರ್ಘದ ತಪ್ಪನ್ನು ಮಾತ್ರ ಗುರುತು ಹಾಕಬೇಕು. ಇಡೀ ಪುಟ ಕೆಂಪಾದರೆ ಮಗು ಕಲಿಯುವುದು ಒಂದನ್ನೇ, ಬರೆಯದಿರುವುದನ್ನು. ಇವುಗಳಲ್ಲಿ ಯಾವುದೂ ಉಳಿದ ಮಕ್ಕಳಿಗೆ ಕೆಡುಕಲ್ಲ, ಗುಳೆಯಿಂದ ಬಂದವರಿಗೂ ಲಂಬಾಣಿ ಮನೆಮಾತಿನವರಿಗೂ ಇದೇ ಬೇಕು.

ಇದೆಲ್ಲ ಹೊಸದೂ ಅಲ್ಲ. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಮದ್ರಾಸ್ ಸರ್ಕಾರಕ್ಕೆ ಈ ಜಿಲ್ಲೆಯ ಊರಶಾಲೆಗಳ ಬಗ್ಗೆ ಒಂದು ವರದಿ ಕಳಿಸಿದ. ಒಟ್ಟು 533 ಶಾಲೆ, 6,641 ಮಕ್ಕಳು, ಅವರಲ್ಲಿ ಹುಡುಗಿಯರು 60. ಮಕ್ಕಳು ನೆಲದ ಮರಳಿನ ಮೇಲೆ ಬೆರಳಿನಿಂದ ಅಕ್ಷರ ತೀಡುವುದನ್ನೂ, ಮುಂದಿನ ಮಕ್ಕಳು ಹಿಂದಿನವರಿಗೆ ಹೇಳಿಕೊಡುವುದನ್ನೂ ಅವನು ಗಮನಿಸಿ ಬರೆದಿದ್ದಾನೆ. ಜೋಡಿಯಾಗಿ ಓದಿಸುವುದು, ಬೆರಳಿಗೂ ಕಿವಿಗೂ ಕಣ್ಣಿಗೂ ಒಟ್ಟಿಗೆ ಪಾಠ ಹೇಳುವುದು ಎಂದು ಇವತ್ತು ತಜ್ಞರು ಹೇಳುವ ಮಾತಿಗೆ ಇದು ಬಹಳ ಹತ್ತಿರ. ಅದೇ ವರದಿಯಲ್ಲಿ ಇನ್ನೊಂದು ಮಾತಿದೆ: ಮಕ್ಕಳು ಅಸಂಖ್ಯ ಪದ್ಯಗಳನ್ನು ಒಪ್ಪಿಸುತ್ತಾರೆ, ಅರ್ಥ ಮಾತ್ರ ಗಿಳಿಗೆ ತಿಳಿದಷ್ಟೇ. ಆ ಶಾಲೆಗಳನ್ನು ಹಾಡಿಹೊಗಳುವ ಅಗತ್ಯವಿಲ್ಲ, ಒಳಗೆ ಬಂದವರಿಗಿಂತ ಹೊರಗೆ ಉಳಿದವರೇ ಅಪಾರ. ಆದರೆ ಆ ಗಿಳಿಯ ಮಾತು ಒಂದು ಹಳೆಯ ಗೊಂದಲವನ್ನು ತೋರಿಸುತ್ತದೆ. ಅರ್ಥವಾಗದಿದ್ದರೂ ಒಪ್ಪಿಸಿದವನು ಅಂದು ಜಾಣನಾದ. ಅರ್ಥವಾಗಿದ್ದರೂ ಓದಲಾಗದವನು ಇಂದು ದಡ್ಡನಾಗುತ್ತಾನೆ. ಎರಡೂ ಸಲ ಶಾಲೆ ಹೊರಗಿನ ಗುರುತನ್ನೇ ತಿಳಿವಳಿಕೆ ಎಂದುಕೊಂಡಿದೆ.

ಈ ನೆಲಕ್ಕೆ ಆ ಗೊಂದಲ ಇರಬಾರದಿತ್ತು. ಸಂಡೂರು ತಾಲೂಕಿನ ದರೋಜಿಯ ಈರಮ್ಮ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಹನ್ನೆರಡು ಜನಪದ ಮಹಾಕಾವ್ಯಗಳು ಅವರ ನಾಲಗೆಯ ಮೇಲಿದ್ದವು, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿತು. ಹಡಗಲಿ ತಾಲೂಕಿನ ಮೈಲಾರದಲ್ಲಿ ಗೊರವಯ್ಯ ಬಿಲ್ಲೇರಿ ನುಡಿಯುವ ಒಂದೇ ಒಂದು ಸಾಲಿನ ಕಾರಣಿಕವನ್ನು ಲಕ್ಷಾಂತರ ಜನ ಕಿವಿಯಲ್ಲೇ ಹಿಡಿದು ಊರಿಗೆ ಒಯ್ಯುತ್ತಾರೆ, ಮಳೆಗೋ ರಾಜ್ಯಕ್ಕೋ ಹೊಂದಿಸಿ ವರ್ಷವಿಡೀ ಅರ್ಥ ಮಾಡುತ್ತಾರೆ. ಬಯಲಾಟದಲ್ಲಿ ಅಕ್ಷರ ಬಾರದ ಪಾತ್ರಧಾರಿಗಳು ಮಾಸ್ತರರ ಬಾಯಿಂದ ಕೇಳಿಯೇ ರಾತ್ರಿಯಿಡೀ ಮಾತು ಹೇಳುತ್ತಾರೆ. ನನ್ನ ತರಗತಿಯಲ್ಲಿದ್ದ ಒಬ್ಬ ಹುಡುಗ ಊರಿನ ಆಟದ ಪೂರ್ತಿ ಸಂಭಾಷಣೆಯನ್ನು, ಎಲ್ಲ ಪಾತ್ರಗಳದ್ದನ್ನೂ, ಬಿಡುವಿನ ವೇಳೆಯಲ್ಲಿ ಹೇಳಿ ತೋರಿಸುತ್ತಿದ್ದ. ಪಠ್ಯದ ಒಂದು ಸಾಲು ಓದಲು ಅವನಿಗೆ ಬೆವರು ಬರುತ್ತಿತ್ತು. ಒಂಬತ್ತನೆಯ ತರಗತಿಯ ನಡುವೆ ಬೋರ್‌ವೆಲ್ ಲಾರಿಯ ಜೊತೆ ಹೋದ.

ಇಷ್ಟು ಹೇಳಿದ ಮೇಲೆ, ಓದು ಬಾರದಿದ್ದರೇನಂತೆ, ಈರಮ್ಮ ಇರಲಿಲ್ಲವೇ ಎಂದು ಸಮಾಧಾನ ಮಾಡಿಕೊಳ್ಳುವ ಅಪಾಯವಿದೆ. ಈರಮ್ಮನವರ ಸುತ್ತ ಕೇಳುವ ಊರಿತ್ತು. ಇವತ್ತಿನ ಹುಡುಗನ ಸುತ್ತ ಇರುವುದು ಸಾಲದ ಕರಾರುಪತ್ರ, ಕೂಲಿಯ ಚೀಟಿ, ಕೀಟನಾಶಕದ ಡಬ್ಬಿಯ ಮೇಲಿನ ಎಚ್ಚರಿಕೆ. ಓದಲಾರದವನನ್ನು ಮೋಸ ಮಾಡುವುದು ಸುಲಭ. ಓದು ಬುದ್ಧಿಯ ಅಳತೆಗೋಲಲ್ಲ ಎಂಬುದು ನಿಜ, ಓದು ಪ್ರತಿ ಮಗುವಿನ ಹಕ್ಕು ಎಂಬುದೂ ಅಷ್ಟೇ ನಿಜ. ಮೊದಲನೆಯದನ್ನು ಮರೆತರೆ ಮಗುವನ್ನು ಅವಮಾನಿಸುತ್ತೇವೆ. ಎರಡನೆಯದನ್ನು ಮರೆತರೆ ಅದರ ಬಾಯಿಪಾಠವನ್ನು ಹೊಗಳುತ್ತಲೇ ಕೈಬಿಡುತ್ತೇವೆ.

ಗದ್ದಲ ಮಾಡುವ ಹುಡುಗ ಹೇಗಾದರೂ ನಮ್ಮ ಕಣ್ಣಿಗೆ ಬೀಳುತ್ತಾನೆ. ಬೀಳದವರು ಹುಡುಗಿಯರು. ನೋಟ್‌ಬುಕ್ ಅಚ್ಚುಕಟ್ಟು, ಅಕ್ಷರ ಮುತ್ತಿನಂತೆ, ಎಲ್ಲ ಕರಿಹಲಗೆಯಿಂದ ರಂಗೋಲಿಯ ಹಾಗೆ ಬಿಡಿಸಿಕೊಂಡದ್ದು. ಅದನ್ನೇ ಓದು ಎಂದರೆ ತಲೆ ತಗ್ಗಿಸಿ ನಿಲ್ಲುತ್ತಾರೆ. ತೊಂದರೆ ಕೊಡದ ಕಾರಣಕ್ಕೇ ಅವರ ತೊಂದರೆ ಯಾರಿಗೂ ಕಾಣುವುದಿಲ್ಲ. ಹತ್ತನೆಯ ತರಗತಿಯಲ್ಲಿ ಫೇಲಾದ ಹುಡುಗನಿಗೆ ಲಾರಿಯಾದರೂ ಇದೆ. ಫೇಲಾದ ಹುಡುಗಿಗೆ ನಮ್ಮ ಕಡೆ ಬಹುಪಾಲು ಉಳಿಯುವುದು ಬೇಗನೆ ಗೊತ್ತಾಗುವ ಮದುವೆ.

ಶಿಕ್ಷಕರ ಮಾತನ್ನೂ ಹೇಳಬೇಕು. ಎರಡು ಮೂರು ತರಗತಿಗಳನ್ನು ಒಬ್ಬರೇ ನೋಡಿಕೊಳ್ಳುತ್ತಾ, ಬಿಸಿಯೂಟದ ಲೆಕ್ಕ, ಸಮೀಕ್ಷೆ, ಚುನಾವಣಾ ಕೆಲಸದ ನಡುವೆ ಪ್ರತಿ ಮಗುವಿನ ಸದ್ದಿನ ತೊಡಕು ಹುಡುಕಿ ಎಂದರೆ ಅದು ಉಪದೇಶವಾಗುತ್ತದೆ. ವಿಶೇಷ ಅಗತ್ಯದ ಮಕ್ಕಳಿಗಾಗಿ ತಾಲೂಕು ಮಟ್ಟದಲ್ಲಿ ಬಿಐಇಆರ್‌ಟಿ ಎಂಬ ಸಂಪನ್ಮೂಲ ಶಿಕ್ಷಕರು ಇದ್ದಾರೆ, ಆದರೆ ಅವರ ಪಾಲಿಗೆ ಇಡೀ ತಾಲೂಕಿನ ಶಾಲೆಗಳು ಬರುತ್ತವೆ. ತಾಲೂಕು ಕೇಂದ್ರದಲ್ಲೇ ಕನ್ನಡದಲ್ಲಿ ತಪಾಸಣೆ ನಡೆಯುವ ಹಾಗೆ ಮಾಡುವುದು, ಮನೆಮಾತು ಬೇರೆಯಾದವರಿಗೆ ಅದನ್ನು ಗಣನೆಗೆ ತೆಗೆದುಕೊಳ್ಳುವುದು ಸರ್ಕಾರದ ಕೆಲಸ. ಶಿಕ್ಷಕರ ಪ್ರೀತಿ ಅದಕ್ಕೆ ಬದಲಿಯಲ್ಲ.

ಆದರೆ ಒಂದು ಕೆಲಸಕ್ಕೆ ಯಾವ ಅನುದಾನವೂ ಬೇಡ, ಅದು ನಮ್ಮ ವಾಕ್ಯವನ್ನು ಬದಲಿಸುವುದು. ಒಂದು ಮಗು ಓದಲಿಲ್ಲ ಎಂದಾಗ ‘ಇವನು ಎಂಥವನು’ ಎಂದು ಕೇಳುವುದನ್ನು ಬಿಟ್ಟು ‘ಓದಿಗೂ ಇವನಿಗೂ ನಡುವೆ ಏನಿದೆ’ ಎಂದು ಕೇಳುವುದು. ಉತ್ತರ ಡಿಸ್ಲೆಕ್ಸಿಯಾ ಇರಬಹುದು, ಗುಳೆ ಇರಬಹುದು, ಮನೆಮಾತು ಇರಬಹುದು, ಮೂರೂ ಇರಬಹುದು. ಯಾವುದೇ ಆದರೂ ಅದನ್ನು ಆ ಮಗು ತಾನಾಗಿ ಆರಿಸಿಕೊಂಡದ್ದಲ್ಲ. ಹಾಗಾಗಿ ಕಾರಣ ತಿಳಿದರೆ ನೆರವಿನ ರೀತಿ ಬದಲಾಗಬೇಕು, ನೆರವಿನ ಹಕ್ಕು ಬದಲಾಗಬಾರದು. ಬೆಂಕಿ ಹತ್ತದ ಒಲೆಯ ಮುಂದೆ ಕೂತ ಹೆಂಗಸು ಕಟ್ಟಿಗೆಯನ್ನು ಬೈಯುತ್ತಾ ಹೊತ್ತು ಕಳೆಯುವುದಿಲ್ಲ. ಕಟ್ಟಿಗೆ ಹಸಿಯೋ, ಗಾಳಿ ಇಲ್ಲವೋ ಎಂದು ನೋಡುತ್ತಾಳೆ, ಚಿಕ್ಕ ಪುಳ್ಳೆ ಇಟ್ಟು ಊದುಗೊಳವೆಯಿಂದ ಮತ್ತೆ ಊದುತ್ತಾಳೆ. ಮನೆಯವರು ಉಣ್ಣಬೇಕು ಎಂಬುದು ಅವಳಿಗೆ ಗೊತ್ತು.